ಕುರ್ಚಿ ಇನ್ನೊಂಚೂರು ಬೆಂಕಿಯ ಹತ್ತಿರ

ಸನ್ಮಾನ ಎಂದಮೇಲೆ ತಡವಾಗಲೇಬೇಕು. ಹಾರ ಸಿಕ್ಕರೆ ಮೈಕು ಕೈಕೊಡುತ್ತದೆ. ಆದರೆ ಮಿಲೋಷ್ ಫೋರ್ಮನ್‌ನ 'ದಿ ಫೈರ್‌ಮೆನ್ಸ್ ಬಾಲ್' (1967) ಚಿತ್ರದ ಅಗ್ನಿಶಾಮಕ ದಳದವರು ತಡಮಾಡಿದ್ದು ಒಂದು ಇಡೀ ವರ್ಷ. ಹಳೆಯ ಅಧ್ಯಕ್ಷರಿಗೆ 85 ತುಂಬಿದಾಗ ಕೊಡಬೇಕಿದ್ದ ಪುಟ್ಟ ಹೊಂಬಣ್ಣದ ಕೊಡಲಿಯನ್ನು 86ಕ್ಕೆ ಕೊಡೋಣವೆಂದು ಸಮಿತಿ ಗಂಭೀರವಾಗಿ ಕೂತು ಚರ್ಚಿಸುತ್ತದೆ. ಅವರಿಗೆ ಕ್ಯಾನ್ಸರ್. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ ಎಂಬುದೂ ಚರ್ಚೆಯ ವಿಷಯವೇ.

ಫೋರ್ಮನ್ ಗೆಳೆಯರೊಂದಿಗೆ ವರ್ಖ್ಲಾಬಿ ಎಂಬ ಜೆಕ್ ಊರಿಗೆ ಹೋಗಿದ್ದು ಬೇರೇನೋ ಕಥೆ ಬರೆಯಲು. ಅಲ್ಲಿ ಅಗ್ನಿಶಾಮಕರ ನೃತ್ಯಕೂಟವೊಂದನ್ನು ನೋಡಿದ್ದೇ ತಡ, ಆ ಕಥೆ ಮೂಲೆಗೆ ಬಿತ್ತು. ಚಿತ್ರದಲ್ಲಿ ಬಹಳಷ್ಟು ಮಂದಿ ವೃತ್ತಿನಟರಲ್ಲ, ಊರಿನವರೇ. ಆ ಮುಖಗಳನ್ನು ನೋಡುತ್ತ ಕೂರುವುದೇ ಒಂದು ಸುಖ. ಮಾತಾಡುವ ಮುಂಚೆ ಎಂಜಲು ನುಂಗುವವರು, ಪಕ್ಕದವನು ತಲೆಯಾಡಿಸಲಿ ಆಮೇಲೆ ತಾನೂ ಆಡಿಸೋಣ ಎಂದು ಕಾಯುವವರು.

ಚಿತ್ರದ ನೃತ್ಯಕೂಟದಲ್ಲಿ ನಡೆಯುವ ಸೌಂದರ್ಯ ಸ್ಪರ್ಧೆಯ ಕಥೆ ಕೇಳಲೇಬೇಡಿ. ಹುಡುಗಿಯರೆಲ್ಲ ಓಡಿಹೋಗಿ ಶೌಚಾಲಯ ಸೇರುತ್ತಾರೆ. ಕಿರೀಟ ಒಬ್ಬ ಹಿರಿಯಾಕೆಯ ತಲೆ ಏರುತ್ತದೆ, ಆಕೆಗಂತೂ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಬೆಂಕಿ. ಮುದುಕನೊಬ್ಬನ ಮನೆ ಉರಿಯುತ್ತಿದೆ, ಅಗ್ನಿಶಾಮಕ ಬಂಡಿ ಹಿಮದಲ್ಲಿ ಹೂತು ಕೂತಿದೆ. ನಮ್ಮ ವೀರರು ಸಲಿಕೆಯಲ್ಲಿ ಹಿಮ ಎತ್ತಿ ಜ್ವಾಲೆಯ ಮೇಲೆ ಎರಚುತ್ತಾರೆ. ಮುದುಕನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಪಾಪ, ಮನೆ ಸುಡುವುದು ಕಾಣದಿರಲಿ ಎಂದು ಯಾರೋ ಕುರ್ಚಿ ತಿರುಗಿಸುತ್ತಾರೆ. ಪಾಪ, ಚಳಿ ಎಂದು ಇನ್ಯಾರೋ ಅದನ್ನು ಬೆಂಕಿಯ ಹತ್ತಿರಕ್ಕೆ ಸರಿಸುತ್ತಾರೆ. ಎರಡೂ ಅಪ್ಪಟ ಕರುಣೆಯೇ. ಆ ಮುದುಕನ ಬೆನ್ನು ನೋಡುತ್ತ ನಗು ಬರುತ್ತದೆ, ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

1968ರಲ್ಲಿ ಜೆಕ್ ನೆಲಕ್ಕೆ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಚಿತ್ರಕ್ಕೆ ನಿಷೇಧ ಬಿತ್ತು. ದೊರೆಗಳ ಕಣ್ಣಿಗೂ ಆ ಕುರ್ಚಿ ಬಿದ್ದಿರಬೇಕು.

ಅಧ್ಯಕ್ಷರಿಗೆ ಕೊನೆಗೆ ಸಿಗುವುದು ಖಾಲಿ ಪೆಟ್ಟಿಗೆ. ಕೊಡಲಿಯನ್ನು ಯಾರೋ ಹಾರಿಸಿದ್ದಾರೆ. ಕೃತಜ್ಞತೆಯ ಮಾತುಗಳನ್ನಂತೂ ಅವರು ಚೆನ್ನಾಗಿಯೇ ಆಡಿದರು. ಆದರೆ ನನ್ನ ಮನಸ್ಸು ತಡೆದು ನಿಲ್ಲುವುದು ಯೋಸೆಫ್ ಎಂಬ ಬಡಪಾಯಿಯ ಬಳಿ. ಲಾಟರಿ ಬಹುಮಾನಗಳ ಮೇಜು ಕಾಯುವವನು ಅವನು. ಸಂಜೆ ಕಳೆದಂತೆ ಕೇಕು, ಬಾಟಲಿ ಒಂದೊಂದೇ ಮಾಯ. ಹಂದಿಮಾಂಸದ ದೊಡ್ಡ ಗಟ್ಟಿಯೊಂದನ್ನು ಅವನ ಹೆಂಡತಿಯೇ ಎತ್ತಿಟ್ಟಿದ್ದಾಳೆ. ಕದ್ದವರು ಮರ್ಯಾದೆಯಿಂದ ಹಿಂದಕ್ಕಿಡಲಿ ಎಂದು ಸಮಿತಿ ದೀಪ ಆರಿಸುತ್ತದೆ. ಕತ್ತಲಲ್ಲಿ ಉಳಿದದ್ದೂ ಖಾಲಿಯಾಗುತ್ತದೆ. ಇಡೀ ಸಭೆಯಲ್ಲಿ ಹಿಂದಕ್ಕಿಡಲು ಬಂದವನು ಯೋಸೆಫ್ ಒಬ್ಬನೇ, ದೀಪ ಹತ್ತಿದಾಗ ಸಿಕ್ಕಿಬಿದ್ದವನೂ ಅವನೇ. ಮೂರ್ಛೆ ಹೋಗುತ್ತಾನೆ. ದಳದ ಮಾನ ಕಳೆದೆಯಲ್ಲೋ, ಯಾಕೆ ವಾಪಸು ತಂದೆ ಎಂದು ಆಮೇಲೆ ಅವನಿಗೇ ಬೈಗುಳ!

ಎಲ್ಲಕ್ಕೂ ತಡಮಾಡುವ ಆ ಸಮಿತಿ, ದೀಪ ಹಾಕುವುದಕ್ಕೂ ಒಂದರೆಗಳಿಗೆ ತಡಮಾಡಿದ್ದರೆ ಗಂಟೇನು ಹೋಗುತ್ತಿತ್ತು?