ಪ್ರಬಂಧಕ್ಕೆ ಎಷ್ಟು ನಿಮಿಷ?



ಕಳೆದ ಭಾನುವಾರ ಲಿಂಗರಾಜಪುರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಹುಡುಗ ಹತ್ತನೆಯ ತರಗತಿ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸಮಯ ಸಾಲದೆ, ಹದಿನೆಂಟು ಅಂಕಗಳ ಪ್ರಶ್ನೆಗಳನ್ನು ಮುಟ್ಟದೆಯೇ ಎದ್ದು ಬಂದಿದ್ದಾನೆ. ಕಾಫಿ ಲೋಟ ಕೆಳಗಿಟ್ಟು ಆಕೆ ನಗುತ್ತಲೇ ಹೇಳಿದಳು: “ಪ್ರಬಂಧ ಮೊದಲು ಬರಿ ಅಂತ ಮಾತ್ರ ಇವನಿಗೆ ಹೇಳ್ಬೇಡಿ ಸರ್.”

ನನಗೆ ನಗು ಬರಲಿಲ್ಲ. 1994ರಲ್ಲಿ ಅವಳಿಗೆ ಹಾಗೆ ಹೇಳಿದವನು ನಾನೇ.

ಆಗ ನಾನು ರೈಲುಹಳಿಗೆ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳೇ ಹೆಚ್ಚು. ತರಗತಿಯಲ್ಲಿ ಗಡಿಯಾರವಿರಲಿಲ್ಲ, ಈಸ್ಟ್ ಸ್ಟೇಷನ್ ಕಡೆಗೆ ಹೋಗುವ ಗಾಡಿಯ ಸದ್ದು ಕೇಳಿದರೆ ಅವಧಿ ಮುಗಿಯಿತೆಂದು ಮಕ್ಕಳು ಪುಸ್ತಕ ಮಡಿಚುತ್ತಿದ್ದರು. ಗಾಡಿ ತಡವಾದ ದಿನ ನನ್ನ ವ್ಯಾಕರಣ ಪಾಠವೂ ಲಂಬಿಸುತ್ತಿತ್ತು. ಪ್ರಬಂಧದ ವಿಷಯದಲ್ಲಿ ನನಗೊಂದು ದೃಢ ನಂಬಿಕೆಯಿತ್ತು: ಕೈ ದಣಿಯುವ ಮುನ್ನ, ಅಕ್ಷರ ದುಂಡಗಿರುವಾಗಲೇ ಪ್ರಬಂಧ ಬರೆದುಬಿಡಬೇಕು. ನನ್ನ ಗುರುಗಳು ನನಗೆ ಹೇಳಿದ್ದು ಅದನ್ನೇ. ಪರೀಕ್ಷಿಸಿ ನೋಡದೆ ನಾನೂ ದಾಟಿಸಿದೆ.

ಆ ಹುಡುಗಿ ತರಗತಿಯಲ್ಲೇ ಚೆಂದವಾಗಿ ಬರೆಯುವವಳು. ಪಬ್ಲಿಕ್ ಪರೀಕ್ಷೆಯಲ್ಲಿ ನಾಲ್ಕು ಪುಟ ಪ್ರಬಂಧ ಬರೆದಳಂತೆ. ತಲೆಯೆತ್ತುವಷ್ಟರಲ್ಲಿ ಮೊದಲ ಗಂಟೆ ಬಾರಿಸಿತ್ತು. ಆಮೇಲೆ ಗಾಬರಿ. ಪದ್ಯದ ಸಾರಾಂಶ ಅರ್ಧಕ್ಕೆ ನಿಂತಿತು, ಬಾಯಿಪಾಠವಾಗಿದ್ದ ವ್ಯಾಕರಣದ ಪ್ರಶ್ನೆಗಳು ಉಳಿದೇಹೋದವು. ತೇರ್ಗಡೆಯಾದಳು, ಆದರೆ ಬಯಸಿದ ಕಾಲೇಜಿನ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಂಕಪಟ್ಟಿ ತೋರಿಸಲು ಬಂದವಳು, “ನೀವು ಹೇಳಿದ ಹಾಗೇ ಬರೆದೆ ಸರ್” ಎಂದಳು. ಧ್ವನಿಯಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಮುಂದೆ ಮೌಲ್ಯಮಾಪನಕ್ಕೆ ಹೋದಾಗಲೆಲ್ಲ ಪ್ರಬಂಧಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಐದು ಅಂಕದ ಪ್ರಬಂಧ ಎಷ್ಟೇ ಸೊಗಸಾಗಿದ್ದರೂ ಆರನೆಯ ಅಂಕ ಕೊಡಲು ನನಗೆ ಅಧಿಕಾರವಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇವು ಮೂರೂ ಇದ್ದು, ಭಾಷೆ ಶುದ್ಧವಾಗಿದ್ದರೆ ಒಂದೂವರೆ ಪುಟಕ್ಕೂ ನಾಲ್ಕು ಪುಟಕ್ಕೂ ವ್ಯತ್ಯಾಸ ಅತ್ಯಲ್ಪ. ಇನ್ನೊಂದನ್ನೂ ಕಂಡೆ. ಸಂಧಿ ಬಿಡಿಸುವ ಪ್ರಶ್ನೆಗೆ ತಾನಾಗಿಯೇ ಒಂದು ಕೊನೆಯಿದೆ, ಪ್ರಬಂಧಕ್ಕೆ ಇಲ್ಲ. ಬರೆಯುವವನು ನಿಲ್ಲಿಸಿದಾಗಲೇ ಅದು ನಿಲ್ಲುವುದು. ಆದ್ದರಿಂದ ಬರೆಯಲು ಬರುವ ಮಕ್ಕಳೇ ಅಲ್ಲಿ ಸಮಯ ಕಳೆದುಕೊಳ್ಳುತ್ತಾರೆ, ಬಾರದವರಲ್ಲ.

ನಮ್ಮ ಕ್ಷೇತ್ರಕ್ಕೆ 2008ರಿಂದ ಸರ್ವಜ್ಞನ ಹೆಸರು. ಅವನು ಮೂರು ಸಾಲಿನಲ್ಲಿ ಮುಗಿಸಿದವನು. ಹಲಸೂರು ಕೆರೆಯ ಬಳಿ 2009ರಲ್ಲಿ ಅನಾವರಣಗೊಂಡ ಪ್ರತಿಮೆಯ ತಿರುವಳ್ಳುವರ್ ಎರಡೇ ಸಾಲಿನಲ್ಲಿ ಮುಗಿಸಿದವರು. ಪರೀಕ್ಷಾ ಕೊಠಡಿಯಲ್ಲಿ ಅವರಿಬ್ಬರಿಗೂ ಸಮಯದ ಚಿಂತೆ ಇರುತ್ತಿರಲಿಲ್ಲ. ವಾಕ್ಯಗಳು ಸಾಲವೆಂದು ನಾವೇ ಅಂಕ ಕಳೆಯುತ್ತಿದ್ದೆವೇನೋ!

ಹುಡುಗನ ಪ್ರಶ್ನೆಪತ್ರಿಕೆ ತೆರೆದೆ. 100 ಅಂಕ, ಬರೆಯಲು 3 ಗಂಟೆ, ಓದಿಕೊಳ್ಳಲು ಬೇರೆ 15 ನಿಮಿಷ. ಅಂದರೆ ಅಂಕವೊಂದಕ್ಕೆ ಎರಡು ನಿಮಿಷವೂ ಇಲ್ಲ. ಐದು ಅಂಕದ ಪ್ರಬಂಧಕ್ಕೆ ಲೆಕ್ಕದಂತೆ ಸಿಗುವುದು 9 ನಿಮಿಷ. ಒಂದು ಅಂಕದ ಪ್ರಶ್ನೆಗಳು ಬೇಗ ಮುಗಿಯುವುದರಿಂದ ಅಲ್ಲಿ ಉಳಿದದ್ದನ್ನು ಸೇರಿಸಿ 15 ಮಾಡಬಹುದು. ಅವನು ತೆಗೆದುಕೊಂಡದ್ದು 40.

“ಮೊದಲ ವಾಕ್ಯವೇ ಹೊಳೆಯಲ್ಲ ತಾತ” ಎಂದ. ಮನೆಮಾತಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುವ ಮಗುವಿನ ಕಷ್ಟ ಅದು. ನಮ್ಮ ಕಾಲದಲ್ಲಿ ಅದನ್ನು ನಾವು ಸೋಮಾರಿತನವೆಂದು ಬೈದಿದ್ದೇವೆ. ಓದಿಕೊಳ್ಳುವ 15 ನಿಮಿಷದಲ್ಲೇ ವಿಷಯ ಆರಿಸಿಕೊಂಡು ಮನಸ್ಸಿನಲ್ಲಿ ನಾಲ್ಕು ಅಂಶ ಕೂಡಿಸು, ಬರೆಯಲು ಬಿಟ್ಟ ಕೂಡಲೇ ಅವನ್ನು ಕೊನೆಯ ಹಾಳೆಯಲ್ಲಿ ಗುರುತು ಹಾಕು, ತಮಿಳಿನಲ್ಲಿ ಹೊಳೆದರೆ ತಮಿಳು ಪದವನ್ನೇ ಬರೆ, ಆಮೇಲೆ ಅದಕ್ಕೊಂದು ಗೆರೆ ಎಳೆ ಎಂದೆ. ಉಪಸಂಹಾರದ ವಾಕ್ಯವನ್ನೂ ಆಗಲೇ ನಿಶ್ಚಯಿಸಿಕೊಳ್ಳಬೇಕು. ತಲುಪಬೇಕಾದ ಊರು ಗೊತ್ತಿದ್ದರೆ ದಾರಿಯಲ್ಲಿ ಅಲೆದಾಟ ಕಡಿಮೆ. ಉಳಿದ ಉತ್ತರಗಳೆಲ್ಲ ಮುಗಿದು 35 ನಿಮಿಷ ಇರುವಾಗ ಪ್ರಬಂಧಕ್ಕೆ ಕೈಹಾಕು, 20 ನಿಮಿಷ ಉಳಿದಾಗ ನಿಲ್ಲಿಸು.

“ಮುಗೀದೇ ಇದ್ರೆ?”

“ಮುಗೀದೇ ಇದ್ರೂ ಉಪಸಂಹಾರ ಬರೆದು ನಿಲ್ಸು.”

ಹೇಳಿದ್ದು ಸರಿಯೇ ಎಂದು ಈ ಸಲ ಪರೀಕ್ಷಿಸದೆ ಬಿಡಲು ನನಗೆ ಧೈರ್ಯವಿರಲಿಲ್ಲ. ‘ಗ್ರಂಥಾಲಯಗಳ ಮಹತ್ವ’ ಎಂಬ ವಿಷಯ ಕೊಟ್ಟು ಅಲ್ಲೇ ಕೂರಿಸಿದೆ. ಮೊದಲ ಸಲ 23 ನಿಮಿಷ. ಎರಡನೆಯ ವಿಷಯ ‘ಕೆರೆಗಳ ಸಂರಕ್ಷಣೆ’, 17. ನನ್ನ ಹೆಂಡತಿ ಚಿತ್ರಾನ್ನ ಕಲೆಸಿ ತರುವವರೆಗೂ ಹುಡುಗನನ್ನು ಏಳಲು ಬಿಡಲಿಲ್ಲ. ತಿಂದ ಮೇಲೆ ಮೂರನೆಯದು, 14 ನಿಮಿಷ, ಒಂದು ಪುಟದ ಮೇಲೆ ಆರು ಸಾಲು.

ಅವನ ತಾಯಿ ಹಾಳೆಯನ್ನು ನನಗಿಂತ ಮೊದಲೇ ಎತ್ತಿಕೊಂಡಳು. ಕೈಚೀಲದಿಂದ ಕೆಂಪು ಪೆನ್ನು ತೆಗೆದು, ಎರಡು ಕಡೆ ಬಿಟ್ಟುಹೋಗಿದ್ದ ಮಹಾಪ್ರಾಣ ತಿದ್ದಿ, ಕೆಳಗೆ ನಾಲ್ಕು ಅಂಕ ಹಾಕಿ ನನ್ನ ಮುಂದೆ ಹಿಡಿದಳು. ನಾನೂ ಅಷ್ಟೇ ಹಾಕುತ್ತಿದ್ದೆ.