ಊಟದ ಮೇಜಿನ ಮೇಲೆ ಹಾಳು ಹಂಪಿ

ಪುಣೆಯ ಕೋಥರೂಡಿನಲ್ಲಿರುವ ನಮ್ಮ ಸೊಸೈಟಿಯಲ್ಲಿ ಬೆಳಗಿನ ವಾಕಿಂಗ್ ಗುಂಪೊಂದಿದೆ. ಬಹುತೇಕ ಎಲ್ಲರೂ ನನ್ನಂತೆ ಪಿಂಚಣಿದಾರರು. ಒಬ್ಬರು ಹಾರ್ಮೋನಿಯಂ ಕಲಿಯುತ್ತಿದ್ದಾರೆ, ಒಬ್ಬರು ಜ್ಞಾನೇಶ್ವರಿ ಓದುತ್ತಾರೆ, ಇನ್ನೊಬ್ಬರಿಗೆ ಷೇರು ಪೇಟೆಯ ಚಿಂತೆ. "ನೀವೇನು ಮಾಡ್ತೀರಿ?" ಎಂದು ನನ್ನನ್ನು ಕೇಳಿದಾಗ, "ಹಾಳು ದೇವಸ್ಥಾನ ಕಟ್ಟುತ್ತೇನೆ" ಅಂದೆ. ಅವರು ಜೀರ್ಣೋದ್ಧಾರ ಎಂದು ತಿಳಿದು, ರಸೀದಿ ಪುಸ್ತಕ ಇದೆಯಾ, ದೇಣಿಗೆ ಎಷ್ಟು ಕೊಡಬೇಕು ಎಂದು ವಿಚಾರಿಸಿದರು. ಉದ್ಧಾರದ ಮಾತೇ ಇಲ್ಲ, ಬರೀ ಜೀರ್ಣ ಎಂದು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಎರಡು ಸುತ್ತು ಮುಗಿದಿತ್ತು.

ವಿಷಯ ಏನೆಂದರೆ, ನನ್ನ ಮೊಮ್ಮಗ ಯುದ್ಧದ ಆಟ ಆಡುತ್ತಾನೆ. ಕಂಪ್ಯೂಟರಿನ ಮೇಲಲ್ಲ, ಮೇಜಿನ ಮೇಲೆ. ಹೆಬ್ಬೆರಳಿನಷ್ಟು ಎತ್ತರದ ಸೈನಿಕರ ಬೊಂಬೆಗಳು. ಅವಕ್ಕೆ ಸಣ್ಣ ಕುಂಚದಿಂದ ತಾನೇ ಬಣ್ಣ ಹಚ್ಚುತ್ತಾನೆ. ಅಳತೆ ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಅವನ್ನು ಸರಿಸುತ್ತಾರೆ, ದಾಳ ಉರುಳಿಸಿ ಏಟು ಬಿತ್ತೋ ಇಲ್ಲವೋ ನಿರ್ಧರಿಸುತ್ತಾರೆ. ಇದು ಮೂಲತಃ ಮಕ್ಕಳ ಆಟವೇನೂ ಅಲ್ಲ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೆ ನಿಯಮಗಳನ್ನು ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕ ಮಾಡಿದ್ದ. ಅದರ ಮರುವರ್ಷವೇ ನಿಜವಾದ ಮಹಾಯುದ್ಧ ಶುರುವಾಯಿತು. ಈಗಿನ ಆಟಗಳಲ್ಲಿ ಬೊಂಬೆಗಳಷ್ಟೇ ಮುಖ್ಯವಾದದ್ದು ರಣರಂಗ. ಬರಿಯ ಮೇಜಿನ ಮೇಲೆ ಎರಡೂ ಕಡೆಯವರು ಎದುರುಬದುರು ನಿಂತರೆ ಮೊದಲು ಹೊಡೆದವನೇ ಗೆದ್ದ. ನಡುವೆ ಗೋಡೆ, ಕಂಬ, ಬಂಡೆ ಇದ್ದರೆ ಮರೆ ಸಿಗುತ್ತದೆ. ಆಗ ಬುದ್ಧಿಗೆ ಕೆಲಸ. ಅದಕ್ಕೇ ಈ ಆಟಗಾರರಿಗೆ ಪಾಳುಬಿದ್ದ ಕಟ್ಟಡ ಅಂದರೆ ಪ್ರೀತಿ.

"ಅಜ್ಜ, ನಮಗೊಂದು ಹಂಪಿ ಮಾಡಿಕೊಡು" ಎಂದ ಒಂದು ದಿನ. ಸೊಸೆ ಮರಾಠಿಯವಳು. ಅವಳ ತಂದೆಯನ್ನು ಮೊಮ್ಮಗ ಆಜೋಬಾ ಅನ್ನುತ್ತಾನೆ, ನನಗೆ ಅಜ್ಜ. ಅವನ ಬಾಯಲ್ಲಿ ಉಳಿದಿರುವ ನೂರಿನ್ನೂರು ಕನ್ನಡ ಶಬ್ದಗಳಲ್ಲಿ ಅದೂ ಒಂದು. ಆದರೂ ನಾನು ಕಡ್ಡಿ ಮುರಿದಂತೆ ಇಲ್ಲ ಅಂದೆ.

ನಾನು ಹುಟ್ಟಿ ಬೆಳೆದದ್ದು ಹೊಸಪೇಟೆಯಲ್ಲಿ. ಹಂಪಿ ಅಲ್ಲಿಂದ ಎಂಟು ಮೈಲಿ ಕೂಡ ಇಲ್ಲ. 1565ರ ಜನವರಿ ತಿಂಗಳಲ್ಲಿ ಕೃಷ್ಣಾ ನದಿಯ ಹತ್ತಿರ ರಕ್ಕಸಗಿ-ತಂಗಡಗಿಯ ಕಡೆ ನಡೆದ ಯುದ್ಧದಲ್ಲಿ ರಾಮರಾಯ ಸತ್ತ, ನಾವು ಮಾತ್ರ ಹಾಳು ಹಂಪಿ ಹಾಳು ಹಂಪಿ ಎನ್ನುತ್ತಲೇ ಬೆಳೆದೆವು. ಒಮ್ಮೆ ಹಾಳಾದದ್ದು ಸಾಲದೆ, ಪ್ರತಿ ಭಾನುವಾರ ನಮ್ಮ ಮನೆಯ ಮೇಜಿನ ಮೇಲೆ ಮತ್ತೆ ಹಾಳಾಗಬೇಕೇ?

ಮೊಮ್ಮಗ ವಾದ ಮಾಡಲಿಲ್ಲ. ಹಿಂದಿನ ಡಿಸೆಂಬರ್ ರಜೆಯಲ್ಲಿ ಹಂಪಿಗೆ ಹೋದಾಗ ತಾನೇ ತೆಗೆದ ಒಂದು ಫೋಟೋ ತೋರಿಸಿದ. ಕೃಷ್ಣ ದೇವಸ್ಥಾನದ ಪೂರ್ವದ ಗೋಪುರ. ಅದರ ಒಳಮುಖದಲ್ಲಿ ಗಾರೆಯಲ್ಲಿ ಮಾಡಿದ ಸಣ್ಣ ಸಣ್ಣ ಸೈನಿಕರು, ಗುರಾಣಿಗಳು, ಕುದುರೆಗಳು. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದದ್ದರ ನೆನಪಿಗೆ ಕಟ್ಟಿಸಿದ ಗುಡಿ ಅದು. "ನೋಡು ಅಜ್ಜ, ನಿಮ್ಮ ರಾಜಾನೂ ಮಿನಿಯೇಚರ್ ಮಾಡಿಸ್ಯಾನ" ಎಂದ. ಆ ಗೋಪುರದ ಕೆಳಗೆ ನೂರು ಸಲ ನಡೆದುಹೋಗಿದ್ದೇನೆ. ಕತ್ತೆತ್ತಿ ನೋಡಿದ್ದು ಎಷ್ಟು ಸಲವೋ. ಸಾಲ ಮಂಜೂರಾಯಿತು ಎಂದೆ.

ಮೊದಲು ಅಳತೆ. ಅವನ ಬೊಂಬೆಗಳು 28 ಮಿಲಿಮೀಟರಿನವು. ಐದೂವರೆ ಅಡಿಯ ಮನುಷ್ಯನನ್ನು ಅಷ್ಟಕ್ಕೆ ಇಳಿಸಿದರೆ ಹತ್ತಿರ ಹತ್ತಿರ ಅರವತ್ತಕ್ಕೆ ಒಂದು ಪಾಲು. ಮೂರು ಮೀಟರಿನ ಕಂಬ ಐದು ಸೆಂಟಿಮೀಟರ್ ಆಗುತ್ತದೆ. ವಿರೂಪಾಕ್ಷನ ಗುಡಿಯ ಮುಂದಿನ ಬಜಾರದ ಉದ್ದ ಸುಮಾರು ಮುಕ್ಕಾಲು ಕಿಲೋಮೀಟರ್. ಅದನ್ನು ಈ ಲೆಕ್ಕದಲ್ಲಿ ಮಾಡಿದರೆ ನಲವತ್ತು ಅಡಿ. ನಮ್ಮ ಫ್ಲಾಟಿನ ಮುಂಬಾಗಿಲಿನಿಂದ ಬಾಲ್ಕನಿಯವರೆಗೆ ಅಳೆದರೂ ಅಷ್ಟಿಲ್ಲ. ಕೊನೆಗೆ ಒಂದು ಮುರುಕು ಗೋಪುರ, ಬಜಾರದ ಆರು ಮಂಟಪ ಎಂದು ಒಪ್ಪಂದವಾಯಿತು. ಗೋಪುರ ಕೃಷ್ಣ ದೇವಸ್ಥಾನದ್ದು, ಮಂಟಪಗಳು ವಿರೂಪಾಕ್ಷ ಬಜಾರದವು. ಭೂಗೋಳ ತಪ್ಪು, ಆದರೆ ಮೇಜು ಇರುವುದೇ ಆರು ಅಡಿ ನಾಲ್ಕು ಅಡಿ. ಆಟದ ಅನುಕೂಲಕ್ಕೂ ಸ್ವಲ್ಪ ತಲೆಬಾಗಬೇಕಾಯಿತು. ಬೊಂಬೆಗಳ ಕಾಲಡಿಯಲ್ಲಿ ಒಂದು ಇಂಚಿನ ಗುಂಡು ಬಿಲ್ಲೆ ಇರುತ್ತದೆ. ಕಂಬದಿಂದ ಕಂಬಕ್ಕೆ ಅಷ್ಟಕ್ಕಿಂತ ಹೆಚ್ಚು ಜಾಗ ಬಿಡದಿದ್ದರೆ ಸೈನಿಕ ಒಳಗೆ ಹೋಗಲಾರ.

ಇನ್ನು ಸಾಮಾನು. ಹಿಂದೆ ಗಣಪತಿ ಹಬ್ಬ ಬಂದರೆ ಪುಣೆಯಲ್ಲಿ ಥರ್ಮೋಕೋಲಿನ ಮಖರಗಳು ರಾಶಿರಾಶಿ ಸಿಗುತ್ತಿದ್ದವು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅಲಂಕಾರದ ಥರ್ಮೋಕೋಲನ್ನು ನಿಷೇಧಿಸಿತು. ಟಿವಿ ಡಬ್ಬದೊಳಗೆ ಬಂದದ್ದನ್ನು ಕೊಯ್ದು ನೋಡಿದೆವು. ಕಾಳುಕಾಳಾಗಿ ಉದುರಿ ಮನೆತುಂಬ ಹರಡಿತು. ಕೊನೆಗೆ ತಾರಸಿಗೆ ಬಿಸಿಲು ತಡೆಯಲು ಹಾಕುವ ಎಕ್ಸ್‌ಪಿಎಸ್ ಹಲಗೆಯ ತುಂಡುಗಳನ್ನು ನಮ್ಮ ಸೊಸೈಟಿಯ ಗುತ್ತಿಗೆದಾರನೇ ಪುಕ್ಕಟೆ ಕೊಟ್ಟ. ಅದರಲ್ಲಿ ಕಾಳಿಲ್ಲ, ಬ್ಲೇಡಿನಿಂದ ಬೆಣ್ಣೆಯಂತೆ ಕೊಯ್ಯಬಹುದು. ಪೆನ್ಸಿಲ್ಲಿನಿಂದ ಒತ್ತಿ ಗೀರಿದರೆ ಕಲ್ಲಿನ ಸಂದು. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ಮೇಲೆ ಉರುಳಿಸಿದರೆ ಕಲ್ಲಿನ ಒರಟು ಬರುತ್ತದೆ. ಹಾಳೆಯ ಸುರುಳಿ ಅರ್ಧ ಖಾಲಿಯಾದಾಗ ನಮ್ಮ ಮನೆಯವಳು ಹೇಳಿದ ಮಾತು: "ಏನ್ರಿ, ರಿಟೈರ್ ಆದ ಮೇಲೆ ಜನ ದೇವಸ್ಥಾನಕ್ಕೆ ಹೋಗ್ತಾರ. ನೀವು ದೇವಸ್ಥಾನ ಮುರೀಲಿಕ್ಕೆ ಕೂತೀರಿ."

ಮೊದಲ ಮಂಟಪ ಹಾಳಾಗುವ ಮೊದಲೇ ಹಾಳಾಯಿತು. ಬೇಗ ಮುಗಿಯಲಿ ಎಂದು ನಾನು ಡಬ್ಬಿಯ ಸ್ಪ್ರೇ ಬಣ್ಣ ಹೊಡೆದೆ. ಅದರಲ್ಲಿರುವ ದ್ರಾವಕ ಈ ಹಲಗೆಯನ್ನು ತಿನ್ನುತ್ತದಂತೆ. ನೋಡುತ್ತಿದ್ದಂತೆಯೇ ಕಂಬಗಳು ಮೇಣದ ಬತ್ತಿಯಂತೆ ಕುಸಿದವು. "ಅಜ್ಜ, ಇದೇ ಚಲೋ ಆತು, ರೆಡಿಮೇಡ್ ಹಾಳು" ಎಂದು ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ. ಹಂಪಿಯ ಕಲ್ಲು ಹಾಗೆ ಕರಗುವುದಿಲ್ಲ, ಸೀಳುತ್ತದೆ. ಅಲ್ಲಿ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ತೂತುಗಳನ್ನು ನೀವೂ ನೋಡಿರಬಹುದು. ಅವಕ್ಕೆ ಬೆಣೆ ಬಡಿದು ಬಂಡೆಯನ್ನು ಗೆರೆ ಕೊಯ್ದಂತೆ ಸೀಳಿದ್ದಾರೆ. ಆಮೇಲೆ ಫೆವಿಕಾಲಿಗೆ ನೀರು, ಕಪ್ಪು ಬಣ್ಣ ಕಲಸಿ ಮೊದಲ ಲೇಪ ಕೊಟ್ಟೆವು. ಅದರ ಮೇಲೆ ಬೂದು ಬಣ್ಣ ಒರೆಸಬೇಕು ಎಂದು ಅವನು ನೋಡಿದ ವಿಡಿಯೋದವರು ಹೇಳಿದ್ದರಂತೆ. ಅದು ಇಂಗ್ಲೆಂಡಿನ ಕಲ್ಲು ಇರಬೇಕು ಎಂದೆ. ನಮ್ಮ ಕಲ್ಲಿಗೆ ಸಂಜೆಯ ಹೊತ್ತು ಕೆಮ್ಮಣ್ಣಿನ ಛಾಯೆ, ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆ. ಬಣ್ಣ ಕಲಸುತ್ತ ಕಲಸುತ್ತ ಆ ಛಾಯೆ ಸಿಕ್ಕಿದಾಗ ರಾತ್ರಿ ಹನ್ನೊಂದಾಗಿತ್ತು.

ಹಾಳು ಕಟ್ಟಬೇಕಾದರೆ ಮೊದಲು ಇಡಿಯಾಗಿ ಕಟ್ಟಬೇಕು, ಆಮೇಲೆ ಮುರಿಯಬೇಕು. ಎಲ್ಲಿ ಬೇಕಾದರೂ ಮುರಿದರೆ ನಿಜವಾದ ಹಾಳಿನಂತೆ ಕಾಣುವುದಿಲ್ಲ. ಹಂಪಿಯ ಗೋಪುರಗಳ ಬುಡ ಕಲ್ಲು. ಮೇಲಿನದು ಇಟ್ಟಿಗೆ, ಗಾರೆ. ಅದಕ್ಕೇ ತಲೆ ಹೋಗಿ ಬುಡ ಉಳಿದಿರುತ್ತದೆ. ವಿಠಲ ದೇವಸ್ಥಾನದ ಕಲ್ಲಿನ ರಥಕ್ಕೂ ಮೇಲೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದನ್ನು ಕಾಣಬಹುದು. ನಾವೆಲ್ಲ ನೋಡುತ್ತ ಬಂದಿರುವುದು, ಈಗ ಐವತ್ತು ರೂಪಾಯಿ ನೋಟಿನ ಮೇಲೂ ಇರುವುದು, ತಲೆಯಿಲ್ಲದ ರಥ.

ಮೇಲಿನಿಂದ ಮುರಿದದ್ದು ಕೆಳಗೆ ಬಿದ್ದಿರಬೇಕು. ಇದು ನನಗೆ ಗೊತ್ತಿರುವ ವಿದ್ಯೆ, ಡಬಲ್ ಎಂಟ್ರಿ. ಮೇಲೆ ಡೆಬಿಟ್, ಕೆಳಗೆ ಕ್ರೆಡಿಟ್. ಮುರಿದ ಚೂರುಗಳನ್ನೆಲ್ಲ ಎಣಿಸಿ ಬುಡದಲ್ಲೇ ಅಂಟಿಸಿದೆ. ಆದರೆ ತಾಳೆ ಮಾಡಿದಷ್ಟೂ ಅದು ನಮ್ಮ ಹಂಪಿಯಂತೆ ಕಾಣಲೊಲ್ಲದು. ಏಕೆಂದು ಹೊಳೆಯಲು ಎರಡು ದಿನ ಬೇಕಾಯಿತು. ನಿಜವಾದ ಹಾಳಿನಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಕಲ್ಲನ್ನು ಜನ ಒಯ್ದಿರುತ್ತಾರೆ, ಇಟ್ಟಿಗೆಯನ್ನೂ ಒಯ್ದಿರುತ್ತಾರೆ. ದೇವರನ್ನೂ. ಉದಯಗಿರಿಯಿಂದ ಹಂಪಿಗೆ ತಂದ ಬಾಲಕೃಷ್ಣನ ವಿಗ್ರಹ ಈಗ ಚೆನ್ನೈ ಮ್ಯೂಸಿಯಮ್ಮಿನಲ್ಲಿದೆ. ತೊಂಬತ್ತರ ದಶಕದಲ್ಲಿ ನನಗೆ ಮದ್ರಾಸಿಗೆ ವರ್ಗವಾದಾಗ ಒಂದು ಭಾನುವಾರ ಹೋಗಿ ನೋಡಿದ್ದೆ. ನಿಂಗೂ ಇಲ್ಲಿಗೇ ಟ್ರಾನ್ಸ್‌ಫರ್ ಆತೇನಪಾ, ಎಂದು ಮನಸ್ಸಿನಲ್ಲೇ ಕೇಳಿದ್ದೆ.

ಬಜಾರದ ಮಂಟಪಗಳಿಗೆ ಬಂದಾಗ ಜಗಳ ಹತ್ತಿತು. ಎರಡು ಕಂಬಗಳ ನಡುವೆ ನಾನು ಒಂದು ಮಣ್ಣಿನ ಗೋಡೆ ಎಬ್ಬಿಸಿ, ಅದಕ್ಕೆ ಸುಣ್ಣ ಬಳಿದು, ಒಳಗೆ ಒಂದು ಒಲೆ ಇಟ್ಟೆ. ಹೊರಗೆ ತಗಡಿನ ಮಾಡು, ಅದರ ಮೇಲೆ ಸಂಡಿಗೆ ಒಣಹಾಕಿದ ಬಿಳಿ ಬಟ್ಟೆ. ಮೊಮ್ಮಗ ಮುಖ ಕಿವಿಚಿದ. "ಅಜ್ಜ, ಇದು ರುಯಿನ್. ಇಲ್ಲಿ ಜನ ಇರಬಾರದು."

"ಇದ್ದರಲ್ಲೋ" ಎಂದೆ.

ನನ್ನ ಸೋದರತ್ತೆ ಇದ್ದದ್ದು ಅಂಥ ಒಂದು ಮಂಟಪದಲ್ಲಿ. ಕೃಷ್ಣದೇವರಾಯನ ಕಾಲದಲ್ಲಿ ವ್ಯಾಪಾರಿಗಳು ಕೂತಿದ್ದರು ಎಂದು ಗೈಡುಗಳು ಹೇಳುವ ಜಾಗದಲ್ಲಿ ಅತ್ತೆ ಅಡಿಗೆ ಮಾಡುತ್ತಿದ್ದಳು. ರಜೆ ಬಂದರೆ ನಾನು ಅಲ್ಲೇ. ಅವಳ ಮನೆಯ ತೊಲೆ ನಾಲ್ಕುನೂರು ವರ್ಷ ಹಳೆಯದು, ಅದರ ಕೆಳಗಿನ ಹೊಗೆಯ ಮಸಿ ಮಾತ್ರ ಅವಳದು. ಬಟ್ಟೆ ಒಗೆಯುವ ಕಲ್ಲಿನ ಹಿಂಬದಿಯಲ್ಲಿ ಹೂಬಳ್ಳಿಯ ಕೆತ್ತನೆ ಇತ್ತು. ಅತ್ತೆ ತೀರಿಕೊಂಡ ಮೇಲೆ ಅವಳ ಮಗ, ನನ್ನ ಭಾವ, ಅಲ್ಲೇ ಮುಂದೆ ಚಹಾದಂಗಡಿ ಹಾಕಿದ. 2011ರ ಜುಲೈ ಕೊನೆಯಲ್ಲಿ ಬಜಾರದ ಮನೆ, ಅಂಗಡಿಗಳನ್ನೆಲ್ಲ ತೆರವು ಮಾಡಿದರು. ಅದಕ್ಕೆ ಕಾರಣಗಳಿದ್ದವು. 1986ರಿಂದ ಹಂಪಿ ವಿಶ್ವ ಪರಂಪರೆಯ ತಾಣ, ಸ್ಮಾರಕ ಉಳಿಯಬೇಕು. ಕಂಬಗಳಿಗೆ ಮೊಳೆ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಹಿಂದಿನ ರಾತ್ರಿ ಭಾವ ಫೋನ್ ಮಾಡಿದ್ದ. "ನಾಳೆ ಬಾರಲೋ, ಸಾಮಾನು ಹೊರಗಿಡಬೇಕು, ಒಬ್ಬನ ಕೈಲಿ ಆಗಂಗಿಲ್ಲ." ಬ್ರಾಂಚಿನಲ್ಲಿ ಆಡಿಟ್ ಇತ್ತು. ರಜೆ ಸಿಗುವುದಿಲ್ಲ ಅಂದೆ. ಕೇಳಿದ್ದರೆ ಸಿಗುತ್ತಿತ್ತು, ನಾನು ಕೇಳಲಿಲ್ಲ. ಮರುದಿನ ಸಂಜೆ ಮತ್ತೆ ಫೋನ್ ಬಂತು. "ಮನಿ ಹೋತು" ಎಂದಷ್ಟೇ ಹೇಳಿ ಇಟ್ಟ. ಆಮೇಲೆ ಮದುವೆ ಮುಂಜಿಗಳಲ್ಲಿ ಭೇಟಿಯಾಗಿದ್ದೇವೆ, ಮಾತಾಡಿದ್ದೇವೆ. ಅದೊಂದನ್ನು ಇಬ್ಬರೂ ಎತ್ತಿಲ್ಲ.

ಇಷ್ಟನ್ನು ಮೊಮ್ಮಗನಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಕಲಸಿ ಹೇಳಿದೆ. ಕೇಳಿಸಿಕೊಂಡ. ಏನೂ ಹೇಳದೆ ತನ್ನ ಕೋಣೆಗೆ ಹೋದ. ಎರಡು ದಿನ ಬಿಟ್ಟು ಒಂದು ಬೊಂಬೆ ತಂದಿಟ್ಟ. ಯಾವುದೋ ಸೈನಿಕನ ಕತ್ತಿ ಕೊಯ್ದು, ಜೇಡಿಯಂಥ ಪುಟ್ಟಿಯಿಂದ ಸೆರಗು ಮಾಡಿ ಹೊದಿಸಿ, ಹಸಿರು ಸೀರೆಯ ಬಣ್ಣ ಹಚ್ಚಿದ್ದ. ಮುಖ ಸೈನಿಕನದೇ, ಸ್ವಲ್ಪ ಸಿಟ್ಟಿನದು. ಅತ್ತೆಯ ಮುಖವೂ ಹಾಗೇ ಇತ್ತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು!

ಮುಂದಿನ ಭಾನುವಾರ ಅವನ ಗೆಳೆಯರು ಬಂದರು. ಒಬ್ಬ ಹುಡುಗ ಆ ಮಂಟಪದೊಳಗೆ ತನ್ನ ಮೂವರು ಬಿಲ್ಲುಗಾರರನ್ನು ನಿಲ್ಲಿಸಹೋದ. ಮರೆಗೆ ಅದೇ ಒಳ್ಳೆಯ ಜಾಗ, ಮೂರು ಕಡೆ ಗೋಡೆ. ಮೊಮ್ಮಗ ತಡೆದ. ಅಲ್ಲಿ ಆಗಲ್ಲ, ಅದು ಮನೆ, ಎಂದ ಮರಾಠಿಯಲ್ಲಿ. ಯಾರ ಮನೆ? ಅಜ್ಜನ ಆತ್ಯಾ ಅವರದು. ರೂಲ್ ಬುಕ್ಕಿನಲ್ಲಿ ಎಲ್ಲಿದೆ ಎಂದು ಆ ಹುಡುಗ ವಾದಕ್ಕೆ ನಿಂತ. ಹತ್ತು ನಿಮಿಷ ಗದ್ದಲವಾಗಿ, ಕಡೆಗೆ ಬಿಲ್ಲುಗಾರರು ಪಕ್ಕದ ಮಂಟಪಕ್ಕೆ ಹೋದರು. ಆ ಆಟದಲ್ಲಿ ಮೊಮ್ಮಗನೇ ಸೋತ.

ಅವರೆಲ್ಲ ಹೋದ ಮೇಲೆ ಮೇಜಿನ ಫೋಟೋ ತೆಗೆದೆ. ಭಾವನಿಗೆ ಕಳಿಸಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಏನು ಬರೆಯಬೇಕೆಂದು ತಿಳಿಯದೆ ಬರೀ ಫೋಟೋ ಕಳಿಸಿದೆ. ಅವನು ಈಗ ಹೊಸಪೇಟೆಯಲ್ಲಿ ಮಗನ ಮನೆಯಲ್ಲಿದ್ದಾನೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬೆಳಿಗ್ಗೆ ವಾಕಿಂಗ್ ಮಧ್ಯೆ ಫೋನ್ ಬಂತು.

"ಒಲಿ ಎಡಕ್ಕ ಇಟ್ಟೀಯಲ್ಲೋ. ಅವ್ವನ ಒಲಿ ಬಲಕ್ಕಿತ್ತು. ಎಡಕ್ಕ ನೀರಿನ ಹಂಡೆ. ಮರ್ತಿ ಏನು?"

ವಾಕಿಂಗ್ ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದೆ. ಬ್ಲೇಡು ತೆಗೆದುಕೊಂಡು ಒಲೆಯನ್ನು ಮೆಲ್ಲಗೆ ಎಬ್ಬಿಸಿ ಬಲಕ್ಕೆ ಅಂಟಿಸಿದೆ. ಹಂಡೆಗೆ ಏನು ಮಾಡುವುದೆಂದು ಮೊಮ್ಮಗ ಶಾಲೆಯಿಂದ ಬಂದ ಮೇಲೆ ಕೇಳಬೇಕು.