ತಾಯಿಯ ಉದ್ಯೋಗ

ಮೊನ್ನೆ ಮೂಡುಬಿದಿರೆಯಲ್ಲಿ ಪಿಎಚ್‌ಡಿ ಅರ್ಜಿಯ ಪ್ರಿಂಟ್ ತೆಗೆಸಿ, ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಬಸ್ಸಲ್ಲಿ ಬರುವಾಗ ಹಳೆಯದೊಂದು ನೆನಪಾಯ್ತು.

ಕೆಲವು ವರ್ಷಗಳ ಹಿಂದೆ ಇದೇ ವಿಷಯ ಹಿಡಿದು ಒಬ್ಬ ಪ್ರೊಫೆಸರರ ಹತ್ರ ಹೋಗಿದ್ದೆ. ದುಡಿಮೆ ಮತ್ತು ಮನ್ನಣೆ. "ಫಿಲಾಸಫಿ ಎಲ್ಲ ನಿಮಗ್ಯಾಕೆ ಮಾರಾಯ್ರೆ? ನಿಮ್ಮ ಸಮುದಾಯದ್ದೇ ಒಂದು ಸರ್ವೆ ಮಾಡಿ, ಒಳ್ಳೇ ಡೇಟಾ ಸಿಗ್ತದೆ" ಅಂದ್ರು. ಹೆಸರು ಬೇಡ. ಕೆಟ್ಟವರೇನಲ್ಲ, ಚಾ ಕುಡಿಸಿಯೇ ಕಳಿಸಿದ್ರು.

ಗೋಪಾಲ್ ಗುರು ಇದನ್ನು 2002ರಲ್ಲೇ ಬರೆದಿದ್ರು ಅಂತ ಆಮೇಲೆ ಗೊತ್ತಾಯ್ತು. ನಮ್ಮ ಸಮಾಜ ವಿಜ್ಞಾನದಲ್ಲೂ ಥಿಯರಿ ಕಟ್ಟುವ ಬ್ರಾಹ್ಮಣರು, ಮಾಹಿತಿ ಹೊರುವ ಶೂದ್ರರು ಇದ್ದಾರೆ ಅಂತ. ಮಣಿಪಾಲದಲ್ಲಿ ತತ್ವಶಾಸ್ತ್ರ ಕೇಂದ್ರ ಕಟ್ಟಿದ ಸುಂದರ್ ಸರುಕ್ಕೈ ಜೊತೆ ಅವರ ವಾಗ್ವಾದ 2012ರಲ್ಲಿ 'ದಿ ಕ್ರ್ಯಾಕ್ಡ್ ಮಿರರ್' ಪುಸ್ತಕ ಆಯ್ತು. ದಲಿತರ ಅನುಭವಕ್ಕೆ ಸಿದ್ಧಾಂತ ಕಟ್ಟುವವರು ಯಾರು ಅನ್ನುವುದೇ ಅಲ್ಲಿಯ ಜಗಳ. ಮಣಿಪಾಲ ನಮಗೇನು ದೂರವಾ?

ಅದೇ ಹುಡುಕಾಟದಲ್ಲಿ ಸಿಕ್ಕಿದವರು ಜರ್ಮನಿಯ ಆಕ್ಸೆಲ್ ಹೊನೆತ್. 1992ರಲ್ಲಿ ಮನ್ನಣೆಯ ಹೋರಾಟದ ಬಗ್ಗೆ ಪುಸ್ತಕ ಬರೆದರು: ಪ್ರೀತಿ, ಹಕ್ಕು, ಮಾಡುವ ಕೆಲಸಕ್ಕೆ ಗೌರವ, ಮೂರೂ ಬೇಕು ಮನುಷ್ಯನಿಗೆ. ಫ್ರಾಂಕ್‌ಫರ್ಟಿನ ಸಾಮಾಜಿಕ ಸಂಶೋಧನಾ ಸಂಸ್ಥೆಯನ್ನು 2001ರಿಂದ 2018ರ ತನಕ ನಡೆಸಿದರು. 2023ರ ಪುಸ್ತಕದಲ್ಲಿ ಪೂರ್ತಿ ದುಡಿಮೆಗೇ ಬಂದರು. ದಿನವಿಡೀ ದುಡಿದು ಬಳಲಿದವರು, ಹೇಳಿದ್ದು ಕೇಳಿಯೇ ಅಭ್ಯಾಸ ಆದವರು ಪ್ರಜಾಪ್ರಭುತ್ವದಲ್ಲಿ ಮಾತಾಡುವುದು ಹೇಗೆ ಅಂತ ಅವರ ಪ್ರಶ್ನೆ.

ಓದುವಾಗ ಅಮ್ಮ ಕಣ್ಣೆದುರು ಬಂದ್ರು. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಬ್ರಾಂಚಿನಲ್ಲಿ "ಇದು ಸರಿ ಇಲ್ಲ" ಅಂತ ಬದಿಗೆ ಹಾಕಿದ ಬೀಡಿಗೆ ದುಡ್ಡಿಲ್ಲ. ಅಮ್ಮ ಗ್ರಾಮಸಭೆಗೆ ಒಂದು ಸಲವೂ ಹೋದವರಲ್ಲ. ಹೋದರೆ ಆವತ್ತಿನ ಬೀಡಿ ಮುಗಿಯುವುದಿಲ್ಲ. ಹೈಸ್ಕೂಲಿನ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಅಂತ ಇದ್ದಲ್ಲಿ 'ಮನೆವಾರ್ತೆ' ಅಂತ ಉಂಟು. ಬರೆದವನು ನಾನೇ. ನಾಚಿಕೆಯಾಗಿತ್ತು.

ಇದನ್ನೆಲ್ಲ ಬೆಳ್ತಂಗಡಿಯ ಕೊರಗ ಗೆಳೆಯನ ಹತ್ರ ಹೇಳಿದೆ. ಅವನು ನಕ್ಕ. "ನಮಗೆ ಮನ್ನಣೆ ಇರಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಕಂಬಳಕ್ಕೆ ನಮ್ಮ ಡೋಲು ಬೇಕೇ ಬೇಕಿತ್ತಲ್ಲ!" ಅಂದ. ಹೌದು. ಡೋಲಿಗೆ ಕರೆದವರೇ ಕೂದಲು, ಉಗುರು ಬೆರೆಸಿದ ಅನ್ನವನ್ನೂ ಕೊಟ್ಟವರು. ಆ ಅಜಲು ಪದ್ಧತಿ ನಿಷೇಧಿಸಲಿಕ್ಕೆ 2000ದಲ್ಲಿ ಕಾಯ್ದೆಯೇ ಬೇಕಾಯ್ತು. ಹುಟ್ಟಿನಿಂದ ಅಂಟಿಸಿದ ಕೆಲಸಕ್ಕೆ ಸಿಗುವ ಮನ್ನಣೆ, ಡೋಲು ಕೆಳಗಿಟ್ಟು ಪೆನ್ನು ಹಿಡಿದ ದಿನ ಎಲ್ಲಿರ್ತದೆ? ಜಾತಿ ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಒಡೆದು ಹಾಕ್ತದೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟಿದ್ರು. ಹೊನೆತ್ ಹತ್ರ ನನ್ನ ತಕರಾರು ಇಲ್ಲಿಂದ ಶುರು. ನನ್ನ ಥೀಸಿಸ್ಸೂ ಇಲ್ಲಿಂದಲೇ.

ಮನೆಗೆ ಬಂದು ಅಮ್ಮನಿಗೆ ತುಳುವಲ್ಲಿ ಎಲ್ಲ ಹೇಳಿದೆ, 'ಮನೆವಾರ್ತೆ' ಬರೆದದ್ದನ್ನೂ. ಅವರು ತಲೆ ಎತ್ತದೆ ನೂಲು ಸುತ್ತುತ್ತಾ ಕೇಳಿದ್ರು: "ಆ ಜರ್ಮನಿಯವನ ಅಮ್ಮ ಎಂಥ ಕೆಲಸ ಮಾಡ್ತಿದ್ದದ್ದಂತೆ?"

ಅರ್ಜಿ ನಾಳೆ ಕೊಡ್ತೇನೆ. ವಿಷಯ ಬದಲಾಯಿಸಲಿಲ್ಲ. ತಾಯಿಯ ಉದ್ಯೋಗ: ಬೀಡಿ ಕಾರ್ಮಿಕೆ.

ಜೈ ಭೀಮ್.